ಹೊಸ್ತಿಲಾಚೆಯವನು

ಅಂಗಳದ ಬಾವಿಕಟ್ಟೆಯ ಮೇಲೆ ಕೂತು ಅಣ್ಣ ಸಿಮಿಲೊಸ್ ತಲೆ ಬೋಳಿಸಿಕೊಳ್ಳುತ್ತಿದ್ದ. ಬೋಳಿಸಲು ಹೆಚ್ಚೇನೂ ಇರಲಿಲ್ಲ. ಕುಲದ ಹಬ್ಬಕ್ಕೆ ಮುಂಚೆಯೇ ನುಣ್ಣಗೆ ತೆಗೆಸಿದ್ದ ಕೂದಲು ಈಗ ಕೊಯ್ದ ಹೊಲದ ಕೂಳೆಯಷ್ಟು ಮಾತ್ರ ಬೆಳೆದಿತ್ತು. ಆದರೆ ಇವತ್ತು ದಂಡನಾಯಕರ ವಿಚಾರಣೆಗೆ ಊರೆಲ್ಲ ಸೇರುವ ಸಭೆಯ ದಿನ. ಗುಡ್ಡದ ಮೇಲೆ, ಎಲ್ಲರಿಗಿಂತ ಮುಂದೆ, ಸಮುದ್ರದಲ್ಲಿ ಸತ್ತವರ ನೆಂಟರು ಕರಿಯ ಹೊದಿಕೆ ಹೊದ್ದು ಕೂರುತ್ತಾರೆ. ಅವರ ತಲೆ ಹಳೆಯದಾದ ದುಃಖದ ಹಾಗೆ ಕಾಣಬಾರದು. ಸಿಮಿಲೊಸ್ ತನ್ನ ಸತ್ತ ತಮ್ಮನಿಗಾಗಿ ಬೋಳಿಸಿಕೊಳ್ಳುತ್ತಿದ್ದ. ಆ ಸತ್ತ ತಮ್ಮ ಬಣ್ಣದ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಕೈಯಲ್ಲಿ ಬಾನಿ ಕಲಕುವ ದೊಣ್ಣೆ ಹಿಡಿದು, ಅದನ್ನು ನೋಡುತ್ತಿದ್ದ. ನೋಡುತ್ತಾ, ಅಣ್ಣನ ತಲೆಯ ಹಿಂಭಾಗ ಅಪ್ಪನದ್ದರ ಹಾಗೆಯೇ ಚಪ್ಪಟೆಯಾಗಿದೆಯಲ್ಲ, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ತಾನಿದನ್ನು ಗಮನಿಸಿರಲಿಲ್ಲವಲ್ಲ ಎಂದುಕೊಂಡ.

"ಹಿಂದೆ ಎಲ್ಲಾದ್ರೂ ಉಳಿದಿದೆಯೇನೋ?" ಸಿಮಿಲೊಸ್ ತಿರುಗದೆ ಕೇಳಿದ.

"ಎಡಗಿವಿ ಹಿಂದೆ ಒಂಚೂರು ಇದೆ ಅಣ್ಣ. ಬರ್ಲಾ? ನಾನೇ ತೆಗೀತೀನಿ."

"ಬೇಡ ಬೇಡ, ಬರ್ಬೇಡ. ಬಾಯಲ್ಲಿ ಹೇಳು ಸಾಕು."

ಫನಿಯಾಸ್ ಆಗಲೇ ಹೊರಗಿಟ್ಟಿದ್ದ ಕಾಲನ್ನು ಒಳಕ್ಕೆಳೆದುಕೊಂಡ. ಮೇಲೆ, ಇನ್ನೂ ಮೇಲೆ, ಹಾಂ ಅಲ್ಲೇ, ಎಂದು ಬಾಯಲ್ಲೇ ಹೇಳಿದ. ಹಾಗೆ ಹೇಳುವಾಗ ತನ್ನ ದನಿ ಮಾಲೀಕನನ್ನು ಮೆಚ್ಚಿಸಲು ನೋಡುವ ಗುಲಾಮನ ದನಿಯಂತೆ ಕೇಳಿಸಿ ಅವನಿಗೇ ಅಸಹ್ಯವಾಯಿತು. ಇಪ್ಪತ್ತೇಳರ ಗಂಡಸು, ಹಡಗಿನ ತಳದ ಸಾಲಿನಲ್ಲಿ ಕೂತು ಹುಟ್ಟು ಹಾಕಿ ಅಂಗೈಯೆಲ್ಲ ದಡ್ಡುಗಟ್ಟಿಸಿಕೊಂಡವನು, ಅಣ್ಣನ ಎಡಗಿವಿಯ ಹಿಂದಿನ ಕೂದಲಿಗೆ ಉಪಕಾರ ಮಾಡಲು ಹಾತೊರೆಯುತ್ತಿದ್ದ.

ಅವನನ್ನು ಯಾರೂ ದ್ವೇಷಿಸುತ್ತಿರಲಿಲ್ಲ. ದ್ವೇಷಿಸಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಬೇಸಿಗೆಯಲ್ಲಿ ಅರ್ಗಿನೂಸೆ ದ್ವೀಪಗಳ ಹತ್ತಿರ ಆಥೆನ್ಸಿನವರು ಕಾದಾಡಿ ಗೆದ್ದರು. ಗೆದ್ದ ದಿನವೇ ಬಿರುಗಾಳಿ ಎದ್ದಿತು. ಒಡೆದ ಹಡಗುಗಳಿಗೆ ಅಂಟಿಕೊಂಡಿದ್ದವರನ್ನಾಗಲಿ, ತೇಲುತ್ತಿದ್ದ ಹೆಣಗಳನ್ನಾಗಲಿ ಯಾರೂ ಎತ್ತಿಕೊಳ್ಳಲಿಲ್ಲ. ಅವನ ಹಡಗು ಮುಳುಗಿದ ಸುದ್ದಿ ಊರಿಗೆ ಬಂತು. ಮನೆಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಖಾಲಿ ಚಟ್ಟ ಕಟ್ಟಿದರು, ಅತ್ತರು, ಅವನ ಹೆಸರು ಹಿಡಿದು ಕೂಗಿದರು, ಊರಬಾಗಿಲಾಚೆ ಒಂದು ಸಣ್ಣ ಕಲ್ಲು ನೆಟ್ಟು ಹಾಲು ಜೇನು ಎರೆದರು. ಅದಾದಮೇಲೆ ಅವನು ಬಂದ. ಎದುರು ದಡದ ಬೆಸ್ತರ ಗುಡಿಸಲಲ್ಲಿ ಜ್ವರ ಬಂದು ಮಲಗಿ, ಆಮೇಲೆ ಕಾಳಿನ ದೋಣಿಯೊಂದರಲ್ಲಿ ಮೂಟೆ ಹೊತ್ತು, ಚಳಿ ಶುರುವಾಗುವ ಹೊತ್ತಿಗೆ ಮನೆಯ ಮುಂದೆ ನಿಂತ. ಅವ್ವ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬಂದಳು. ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಎಂದು ದಾರಿಯುದ್ದಕ್ಕೂ, ಆ ದೋಣಿಯ ಇಲಿಗಳ ನಡುವೆ ಮಲಗಿಯೂ, ಅವನು ಅಂದುಕೊಂಡಿದ್ದ. ಅವಳು ಮೊದಲು ಅವನ ಕಾಲು ನೋಡಿದಳು. ಆಮೇಲೆ ಮುಖ ನೋಡಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡು, "ಅಲ್ಲೇ ನಿಲ್ಲು" ಎಂದಳು. ಅವಳ ತಪ್ಪೇನಿಲ್ಲ. ತಿಥಿ ಆದಮೇಲೆ ಬದುಕಿ ಬಂದವನು ಬದುಕಿದವರ ಲೆಕ್ಕಕ್ಕೆ ಬರುವುದಿಲ್ಲ. ಅವನು ಹೊಸ್ತಿಲು ದಾಟಬಾರದು, ಒಲೆ ಮುಟ್ಟಬಾರದು, ಗುಡಿಗೆ ಹೋಗಬಾರದು, ಸಭೆಯಲ್ಲಿ ಕೂರಬಾರದು. ಹೆಂಗಸರು ಸೇರಿ ಅವನಿಗೆ ಎಳೆಗೂಸಿನ ಹಾಗೆ ನೀರೆರೆದು, ಬಟ್ಟೆ ಸುತ್ತಿ, ಮೊಲೆಗಿಟ್ಟ ಮೇಲೆಯೇ ಅವನು ಮತ್ತೆ ಹುಟ್ಟಿದ ಹಾಗೆ, ಮನೆಯ ಯಜಮಾನ ಅವನನ್ನು ಒಲೆಯ ಸುತ್ತ ಕರೆದೊಯ್ದು ಹೆಸರಿಟ್ಟ ಮೇಲೆಯೇ ಮನೆಯವನಾದ ಹಾಗೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಚಿಕ್ಕಂದಿನಲ್ಲಿ ಅಂಥ ಒಬ್ಬ ಮುದುಕನಿಗೆ ಅವನೂ ಬೀದಿಯಲ್ಲಿ ಕಲ್ಲು ತೂರಿದ್ದ. ಕಲ್ಲು ಬೆನ್ನಿಗೆ ಬಿದ್ದಾಗ ಮುದುಕ ತಿರುಗಿ ನೋಡಿರಲಿಲ್ಲ, ತಿರುಗಿದ್ದರೆ ಇನ್ನೊಂದು ಬೀಳುತ್ತದೆ ಎಂದಿರಬೇಕು. ಈಗ ಫನಿಯಾಸನಿಗೆ ಆ ಬೆನ್ನು ಆಗಾಗ ನೆನಪಾಗುತ್ತಿತ್ತು.

ಯಜಮಾನ ಎಂದರೆ ಅಪ್ಪ ಇಲ್ಲದ ಆ ಮನೆಯಲ್ಲಿ ಸಿಮಿಲೊಸನೇ. ಸೂಲಗಿತ್ತಿಗೆ ಹೇಳಿಕಳಿಸಬೇಕಾದವನೂ ಅವನೇ. ಬಂದ ದಿನ ಅಂಗಳದ ಈ ತುದಿಯಲ್ಲಿ ಅವನು, ಆ ತುದಿಯಲ್ಲಿ ಇವನು ನಿಂತು ಮಾತಾಡಿದ್ದರು. ಸಿಮಿಲೊಸ್ ಅತ್ತಿದ್ದ, ಅದು ಸುಳ್ಳು ಅಳುವಲ್ಲ. ಅಳುತ್ತಲೇ, "ಸಭೆ ಮುಗೀಲಿ ಕಣೋ, ಆಮೇಲೆ ಎಲ್ಲಾ ಮಾಡಣ" ಎಂದಿದ್ದ. ಯಾಕೆ ಎಂದು ಕೇಳಿದರೆ ಒಂದೇ ಸಲಕ್ಕೆ ಹೇಳಲಿಲ್ಲ. ಬಣ್ಣಗಾರರ ಮನೆ ಅದು. ಕೈ ಯಾವಾಗಲೂ ಮೊಣಕೈತನಕ ಕಪ್ಪೋ ಕೆಂಪೋ ಆಗಿರುವ, ಮೈಯಿಂದ ಬಣ್ಣದ ಬಾನಿಗೆ ಬೆರೆಸುವ ಉಚ್ಚೆಯ ವಾಸನೆ ಹೋಗದ ಮನೆತನ. ಯಾವ ದೊಡ್ಡ ಮನುಷ್ಯನೂ ಅವರ ಬಾಗಿಲಿಗೆ ಬಂದು ಹೆಸರು ಹಿಡಿದು ಕರೆದವನಲ್ಲ. ಹಬ್ಬದಲ್ಲಿ ಕುಲದವರೆಲ್ಲ ಸೇರಿದಾಗ, ಬೋಳುತಲೆಯ ಸಿಮಿಲೊಸ್ ತಮ್ಮನನ್ನು ನೆನೆದು ಎದೆ ಬಡಿದುಕೊಂಡಾಗ, ದೊಡ್ಡವರ ಕಣ್ಣು ಅವನ ಮೇಲೆ ಬಿತ್ತು. ಹೆಗಲ ಮೇಲೆ ಕೈಯಿಟ್ಟರು. ಸಭೆಯಲ್ಲಿ ಮುಂದೆ ಬಂದು ಕೂರು, ಎಂದರು. ನಿನ್ನ ತಮ್ಮನನ್ನು ನೀರಿನಲ್ಲಿ ಬಿಟ್ಟು ಬಂದ ದಂಡನಾಯಕರು ಬದುಕಿರಬೇಕಾ, ನೀನೇ ಹೇಳು, ಎಂದರು. ಅಂದಿನಿಂದ ಸಿಮಿಲೊಸನ ನಡಿಗೆಯೇ ಬೇರೆಯಾಗಿತ್ತು. ಈಗ ತಮ್ಮ ಬದುಕಿದ್ದಾನೆ ಎಂದರೆ ಊರು ನಗುತ್ತದೆ. ಊರಲ್ಲಿ ಆಗಲೇ ಗುಸುಗುಸು ಇತ್ತು: ತಲೆ ಬೋಳಿಸಿದವರೆಲ್ಲ ನೆಂಟರಲ್ಲ, ಕೆಲವರು ಕರೆಸಿಕೊಂಡು ಬಂದವರು ಎಂದು. ಅದು ಸುಳ್ಳೂ ಅಲ್ಲ ಎಂದು ಫನಿಯಾಸನಿಗೆ ಈಗ ಗೊತ್ತು. ಯಾಕೆಂದರೆ ಕಳೆದ ಕೆಲವು ದಿನಗಳಿಂದ ಬಣ್ಣದ ಮನೆಗೆ ಕರಿ ಬಣ್ಣ ಹಾಕಿಸಲು ಬರುತ್ತಿದ್ದ ಹೊದಿಕೆಗಳಲ್ಲಿ ಸಾವು ಕಂಡ ಮನೆಯ ಹೊದಿಕೆಗಳಿಗಿಂತ ಬೇರೆಯವೇ ಹೆಚ್ಚಿದ್ದವು. ಮಾಚಿಕಾಯಿ ಕುಟ್ಟಿ, ತುಕ್ಕು ಕಬ್ಬಿಣದ ನೀರು ಬೆರೆಸಿ, ಬಾನಿ ಕುದಿಸಿ, ಅವನ್ನೆಲ್ಲ ಕಪ್ಪು ಮಾಡಿದವನು ಫನಿಯಾಸನೇ. ಸತ್ತವನು ಮುಟ್ಟಿದ್ದು ಮೈಲಿಗೆ ಎನ್ನುವುದು ಹೌದು. ಆದರೆ ಕೆಲಸ ಬಹಳವಿತ್ತು, ಕೈ ಸಾಲದು, ಹೇಗೂ ದುಃಖದ ಬಟ್ಟೆಯಲ್ಲವೇ ಎಂದು ಸಿಮಿಲೊಸ್ ಆ ಒಂದನ್ನು ಮಾತ್ರ ಸಡಿಲಿಸಿಕೊಂಡಿದ್ದ.

ಇನ್ನೂ ಒಂದು ಕಾರಣವಿತ್ತು. ಬಂದ ದಿನವೇ ಫನಿಯಾಸ್ ಬಾಯಿ ತಪ್ಪಿ ಹೇಳಿಬಿಟ್ಟಿದ್ದ. ಹಡಗೊಂದು ಬಂದಿತ್ತು ಅಣ್ಣ, ಎಂದಿದ್ದ. ನಮ್ಮನ್ನು ಎತ್ತಿಕೊಳ್ಳೋಕೆ ಬಂದಿತ್ತು.

ಸಿಮಿಲೊಸ್ ಬೀದಿಬಾಗಿಲ ಕಡೆ ಒಮ್ಮೆ ನೋಡಿ, "ಇದನ್ನ ಯಾರ ಹತ್ರಾನೂ ಎತ್ತಬೇಡ" ಎಂದಿದ್ದ. "ಎತ್ತಿದ್ರೆ ನಾನು ಸೂಲಗಿತ್ತೀನ ಕರೆಸಲ್ಲ. ದೇವರಾಣೆ ಕರೆಸಲ್ಲ. ನೀನಾಯ್ತು, ಆ ಕೊಟ್ಟಿಗೆಯಾಯ್ತು."

ಈಗ ತಲೆ ಒರೆಸಿಕೊಂಡು, ಫನಿಯಾಸನೇ ಬಣ್ಣ ಹಾಕಿದ ಹೊದಿಕೆಯನ್ನು ಹೆಗಲಿಗೇರಿಸಿ, ಸಿಮಿಲೊಸ್ ಬಾಗಿಲಿಗೆ ನಡೆದ. ಅಲ್ಲಿ ನಿಂತ. ಏನೋ ಹೇಳಬೇಕೆನಿಸಿತೇನೋ. "ಇವತ್ತೊಂದು ದಿನ ಕಣೋ" ಎಂದ. "ನಾಳೆಯಿಂದ ನೀನು ಒಳಗೆ."

"ಹೂಂ ಅಣ್ಣ."

"ಹೊರಗೆ ಹೋಗ್ಬೇಡ."

"ಎಲ್ಲಿಗೆ ಹೋಗಲಿ ನಾನು?"

ಅಣ್ಣ ಹೋದ ಮೇಲೆ ಅವ್ವ ಒಡೆದ ಮಡಕೆಯ ಚೂರಿನಲ್ಲಿ ಬಾರ್ಲಿ ರೊಟ್ಟಿ, ನಾಲ್ಕು ಆಲಿವ್ ಕಾಯಿ ತಂದು ಕೊಟ್ಟಿಗೆಯ ಮುಂದೆ ನೆಲದ ಮೇಲಿಟ್ಟಳು. ಇಟ್ಟು, ತಿರುಗಿ ನೋಡದೆ ಹೋದಳು. ಗೋರಿಯ ಮುಂದೆ ಎಡೆ ಇಡುವವರು ಹೀಗೆಯೇ ತಿರುಗಿ ನೋಡದೆ ಹೋಗುವುದು. ಅವಳು ಬೇಕೆಂದು ಹಾಗೆ ಮಾಡುತ್ತಿದ್ದಳೋ, ಇಷ್ಟು ದಿನ ಕಲ್ಲಿಗೆ ಇಟ್ಟು ಇಟ್ಟು ಕಾಲಿಗೇ ರೂಢಿಯಾಗಿತ್ತೋ, ಅವನಿಗೆ ಕೇಳಲು ಧೈರ್ಯವಾಗಲಿಲ್ಲ. ಒಂದು ಮಧ್ಯಾಹ್ನ ಅವಳು ಅಂಗಳದಲ್ಲಿ ಕೂತು ಅವರೆ ಬಿಡಿಸುತ್ತಿದ್ದಾಗ ಅವನು ಅವಳಿಗೂ ಆ ಹಡಗಿನ ವಿಷಯ ಹೇಳಿದ್ದ. ಹೇಳಬಾರದು ಎಂದುಕೊಂಡೇ ಹೇಳಿದ್ದ. ಅವಳ ಕೈ ನಿಂತಿತ್ತು.

"ನಿಜವಾಗ್ಲೂ ಬಂದಿದ್ರಾ ಅವರು?"

"ಬಂದಿದ್ರು ಕಣವ್ವ. ಹಗ್ಗ ಕೂಡ ಎಸೆದ್ರು."

"ಹಂಗಾದ್ರೆ ಹೇಳ್ಬೇಕಲ್ವೇನೋ, ಯಾರಿಗಾದ್ರೂ?"

"ಅಣ್ಣ ಬೇಡ ಅಂದ."

ಅವಳು ಮತ್ತೆ ಅವರೆ ಬಿಡಿಸತೊಡಗಿದಳು. ಅವಳು ಅಣ್ಣನನ್ನು ಬೈಯುತ್ತಾಳೆ ಎಂದು ಅವನು ಕಾದಿದ್ದ, ತನ್ನನ್ನು ಸಮಾಧಾನ ಮಾಡುತ್ತಾಳೆ ಎಂದೂ ಕಾದಿದ್ದ. ಎರಡೂ ಆಗಲಿಲ್ಲ.

ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಬಾನಿಯ ಕೆಳಗಿನ ಬೆಂಕಿ ಆರುತ್ತಾ ಬಂದಿತ್ತು. ಇವತ್ತು ಕೆಲಸವಿಲ್ಲ; ಹೊದಿಕೆಗಳೆಲ್ಲ ಅವರವರ ಹೆಗಲ ಮೇಲೆ ಗುಡ್ಡ ಹತ್ತಿವೆ. ಆದರೂ ಸುಮ್ಮನೆ ದೊಣ್ಣೆ ಹಾಕಿ ಕಲಕಿದ. ಕಪ್ಪು ನೀರು ಸುತ್ತಿತು, ದಂಡೆಗೆ ತಾಗಿ ಮತ್ತೆ ನಡುವಿಗೆ ಬಂತು. ಆ ದಿನ ಸಮುದ್ರದ ನೀರು ಕಪ್ಪಾಗಿರಲಿಲ್ಲ, ಬೂದಿಯ ಬಣ್ಣಕ್ಕಿತ್ತು. ಅವರು ನಾಲ್ಕೈದು ಜನ ಮುರಿದ ಹಡಗಿನ ಮೂತಿಯ ಭಾಗಕ್ಕೆ ಅಂಟಿಕೊಂಡಿದ್ದರು. ಪಕ್ಕದವನ ಗಡ್ಡ ಇವನ ಭುಜಕ್ಕೆ ಒತ್ತುತ್ತಿತ್ತು. ಅವನು ಬಾಯಿ ತೆರೆದು ಏನೋ ಕಿರುಚುತ್ತಿದ್ದ, ಕೇಳಿಸುತ್ತಿರಲಿಲ್ಲ. ಅಷ್ಟು ಹತ್ತಿರದ ಬಾಯಿಯ ಮಾತು ಕೇಳಿಸದೆ ಹೋಗುತ್ತದೆಂದು ಅವನು ಎಂದೂ ಎಣಿಸಿರಲಿಲ್ಲ. ಆಗ ಅಲೆಯ ತುದಿಯಲ್ಲಿ ಹಡಗು ಕಂಡಿತು. ನಮ್ಮದೇ. ಅದರ ಮೂತಿಯ ಮೇಲೆ ಬಣ್ಣದಲ್ಲಿ ಬರೆದ ಕಣ್ಣು ಇವರನ್ನೇ ನೋಡುತ್ತಿತ್ತು. ಒಂದು ಪಕ್ಕದ ಹುಟ್ಟುಗಳು ನೀರಿಗೆ ತಾಗದೆ ಗಾಳಿಯಲ್ಲಿ ಬಡಿದವು, ಇನ್ನೊಂದು ಪಕ್ಕದವು ಕಡ್ಡಿಯ ಹಾಗೆ ಲಟಲಟನೆ ಮುರಿದವು. ಅಡ್ಡ ತಿರುಗಿ ಇನ್ನೇನು ಮಗುಚಿತು ಎನ್ನುವಾಗ ಅದು ಹೇಗೋ ನೆಟ್ಟಗಾಯಿತು. ಅಂಚಿನಲ್ಲಿ ಒಬ್ಬ ಮಂಡಿಯೂರಿ ಕೂತು ಹಗ್ಗ ಎಸೆದ. ಎಸೆಯುವ ಮುಂಚೆ ಇವನ ಕಣ್ಣನ್ನೇ ನೋಡಿದ. ಹಗ್ಗ ಗಾಳಿಗೆ ಹಿಂದಕ್ಕೇ ಹಾರಿ ಎಸೆದವನ ಮುಖಕ್ಕೇ ಬಡಿಯಿತು. ಅವನು ಮತ್ತೆ ಎಸೆದ. ಆಮೇಲೆ ಮಳೆ ಬಂತು, ಮಳೆಯ ಹಿಂದೆ ಹಡಗು ಇರಲಿಲ್ಲ. ಗಡ್ಡದವನೂ ಇರಲಿಲ್ಲ. ಅವನು ಯಾವ ಗಳಿಗೆಯಲ್ಲಿ ಕೈ ಬಿಟ್ಟನೆಂದು ಫನಿಯಾಸನಿಗೆ ಗೊತ್ತಾಗಲೇ ಇಲ್ಲ. ಭುಜಕ್ಕೆ ಒತ್ತುತ್ತಿದ್ದದ್ದು ನಿಂತಿದೆ ಎಂದು ಮಾತ್ರ ಎಷ್ಟೋ ಹೊತ್ತಿನ ಮೇಲೆ ಅನಿಸಿತ್ತು.

ದಂಡನಾಯಕರು ಮೊದಲ ಸಭೆಯಲ್ಲಿ ಹೇಳಿದ್ದು ಇದನ್ನೇ: ಎತ್ತಿಕೊಳ್ಳಲು ಹಡಗು ಬಿಟ್ಟಿದ್ದೆವು, ಗಾಳಿ ಬಿಡಲಿಲ್ಲ. ಜನ ಅರ್ಧ ನಂಬಿದ್ದರು. ಆಗ ಹೊತ್ತು ಮುಳುಗಿ, ಎತ್ತಿದ ಕೈಗಳನ್ನು ಎಣಿಸಲಾಗದೆ ಸಭೆ ಮುಂದಕ್ಕೆ ಹೋಯಿತು. ನಡುವೆ ಹಬ್ಬ ಬಂತು, ಬೋಳುತಲೆಗಳು ಬಂದವು. ಇವತ್ತು ಒಬ್ಬ ಎದ್ದು ನಿಂತು, ನಾನು ಆ ನೀರಿನಲ್ಲಿದ್ದೆ, ನಾನು ಆ ಹಡಗು ಕಂಡೆ ಎಂದರೆ ಸಾಕು. ಇಡೀ ಊರಿನಲ್ಲಿ ಹಾಗೆನ್ನಬಲ್ಲವನು, ತನಗೆ ತಿಳಿದಂತೆ, ತಾನೊಬ್ಬನೇ. ಈ ಯೋಚನೆ ಬಂದಾಗ ಅವನಿಗೆ ಒಂದು ಕ್ಷಣ ಹೆಮ್ಮೆಯಾಯಿತು. ಮರುಕ್ಷಣವೇ ಉಳಿದದ್ದೂ ನೆನಪಾಯಿತು. ಮಾತಾಡಿದರೆ ಕೊಟ್ಟಿಗೆಯೇ ಗತಿ. ಬೀದಿಯಲ್ಲಿ ಹುಡುಗರು ಕಲ್ಲು ತೂರುತ್ತಾರೆ, ಅವ್ವ ಮಡಕೆಯ ಚೂರಿನಲ್ಲಿ ರೊಟ್ಟಿ ಇಡುತ್ತಾಳೆ, ಅವಳು ಹೋದಮೇಲೆ ಅದನ್ನು ಇಡುವವರೂ ಇರುವುದಿಲ್ಲ.

ಅವನು ಹೋದ. ಯಾವಾಗ ತೀರ್ಮಾನಿಸಿದನೆಂದು ಅವನಿಗೂ ಗೊತ್ತಿಲ್ಲ, ದೊಣ್ಣೆ ಬಾನಿಯಲ್ಲೇ ಇತ್ತು, ಅವನು ಬೀದಿಯಲ್ಲಿದ್ದ. ಹಿಂದಿನಿಂದ ಅವ್ವ ನೋಡುತ್ತಿದ್ದಾಳೆ ಎಂದು ಬೆನ್ನಿಗೆ ತಿಳಿಯುತ್ತಿತ್ತು. ಅವಳು ಕರೆಯಲಿಲ್ಲ, ತಡೆಯಲೂ ಇಲ್ಲ. ಬೀದಿಗಳು ಬರಿದಾಗಿದ್ದವು. ಸಭೆಗೆ ಜನರನ್ನು ಅಟ್ಟಿಕೊಂಡು ಹೋಗಲು ಎಳೆದ ಕೆಂಪು ಹಗ್ಗದ ಬಣ್ಣ ಅಲ್ಲಲ್ಲಿ ಗೋಡೆಗೆ ಹತ್ತಿತ್ತು. ಕ್ಷೌರದಂಗಡಿಯ ಮುಂದೆ ಮಾತ್ರ ಒಬ್ಬ ನಿಂತಿದ್ದ. ಅಂಗಡಿಯವನೇ, ಈ ಊರಿನವನಲ್ಲವಾದ್ದರಿಂದ ಸಭೆಗೆ ಹೋಗುವ ಹಕ್ಕಿಲ್ಲದವನು. ಎಷ್ಟೋ ವರ್ಷ ಫನಿಯಾಸನ ಗಡ್ಡ ಕತ್ತರಿಸಿದವನು, ಅವನ ಮುಖದ ಮಚ್ಚೆ ಮಚ್ಚೆ ಬಲ್ಲವನು. ಬಾಚಣಿಗೆ ಹಿಡಿದ ಕೈ ಹಾಗೇ ನಿಂತಿತು. ಆಮೇಲೆ ಅವನು ಕತ್ತು ಬಗ್ಗಿಸಿ, ತನ್ನ ಎದೆಯ ಅಂಗಿಯೊಳಕ್ಕೆ ಥೂ ಥೂ ಎಂದು ಉಗಿದುಕೊಂಡ. ದೆವ್ವ ಕಂಡರೆ, ಹುಚ್ಚರನ್ನು ಕಂಡರೆ ಮಾಡುವ ಹಾಗೆ.

"ನಾನು ಕಣಯ್ಯ. ಬಣ್ಣದ ಮನೆ ಫನಿಯಾಸ" ಎಂದ ಇವನು.

"ಗೊತ್ತು ಗೊತ್ತು. ನಿಮ್ಮ ಕಲ್ಲಿಗೆ ನಾನೂ ಎಣ್ಣೆ ಹಾಕಿ ಬಂದೆ ಸ್ವಾಮಿ" ಎಂದ ಅವನು, ಗೋಡೆಗೆ ಒತ್ತಿಕೊಂಡು. "ನನ್ನ ಮೇಲೆ ಸಿಟ್ಟು ಇಟ್ಕೋಬೇಡಿ. ದಾಟ್ಕೊಂಡು ಹೋಗ್ಬಿಡಿ."

ಸ್ವಾಮಿ ಎಂದದ್ದು ಉಗಿದದ್ದಕ್ಕಿಂತ ಹೆಚ್ಚು ಚುಚ್ಚಿತು. ಬದುಕಿದ್ದಾಗ ಅವನು ಇವನನ್ನು ಲೋ ಎನ್ನುತ್ತಿದ್ದ, ಉಚ್ಚೆಬಾನಿ ಎಂದು ತಮಾಷೆ ಮಾಡುತ್ತಿದ್ದ. ಆ ಉಚ್ಚೆಬಾನಿ ಎಂಬ ಒಂದು ಮಾತಿಗಾಗಿ ಫನಿಯಾಸನ ಜೀವ ಆ ಗಳಿಗೆ ಹಂಬಲಿಸಿತು. ಮತ್ತೆ ಹುಟ್ಟಿದರೆ ಅನ್ನುತ್ತಾನೆ. ನಾಳೆಯೇ ಅನ್ನಬಹುದು.

ಗುಡ್ಡದ ಬುಡದಿಂದಲೇ ಸದ್ದು ಕೇಳಿಸುತ್ತಿತ್ತು. ಅವನು ಹಿಂಬದಿಯ ಗೋಡೆಯ ಪಕ್ಕ ಹತ್ತಿ, ಸಭೆಯ ಅಂಚಿಗೆ ಬಂದು ನಿಂತ. ಬೆಳಗ್ಗೆ ಹಂದಿಮರಿ ಕೊಯ್ದು ಅದರ ರಕ್ತವನ್ನು ಸುತ್ತಲೂ ಎರಚಿ ನೆಲ ಶುದ್ಧ ಮಾಡಿದ್ದರು. ಕಲ್ಲುಗಳ ಮೇಲೆ ಅದು ಒಣಗಿ ಕಂದು ಚುಕ್ಕೆಗಳಾಗಿತ್ತು. ಅದರಾಚೆಗೆ ಮೈಲಿಗೆಯವರು ಕಾಲಿಡುವಂತಿಲ್ಲ. ಅವನ ಕಾಲಿನ ಹೆಬ್ಬೆರಳು ಆ ಚುಕ್ಕೆಗಳಿಗೆ ಒಂದು ಗೇಣು ಈಚೆಗಿತ್ತು. ಮುಂದೆ ಊರಿಗೂರೇ ಕೂತಿತ್ತು, ಎಲ್ಲರ ಬೆನ್ನು ಇವನ ಕಡೆಗೆ. ಬಹಳ ದೂರದಲ್ಲಿ, ವೇದಿಕೆಯ ಹತ್ತಿರ, ಕರಿಯ ಹೊದಿಕೆಗಳು, ಬೋಳುತಲೆಗಳು. ಯಾರೋ ಒಬ್ಬ ಮಾತಾಡುತ್ತಿದ್ದ. ನಾನು ಹಿಟ್ಟಿನ ಪೀಪಾಯಿಗೆ ಅಂಟಿಕೊಂಡು ಬದುಕಿದೆ ಎನ್ನುತ್ತಿದ್ದ. ಮುಳುಗುವವರು ಕೊನೆಯದಾಗಿ ನನಗೆ ಹೇಳಿದರು: ನೀನು ಬದುಕಿದರೆ ಊರಿನವರಿಗೆ ಹೇಳು, ಊರಿಗಾಗಿ ಕಾದಿ ಗೆದ್ದ ನಮ್ಮನ್ನು ನಮ್ಮ ದಂಡನಾಯಕರು ಎತ್ತಿಕೊಳ್ಳಲಿಲ್ಲ ಅಂತ. ಜನ ಗೊಳೋ ಎಂದಿತು. ಫನಿಯಾಸನಿಗೆ ಮೊದಲು ಬಂದದ್ದು ಕೋಪವಲ್ಲ, ಆಶ್ಚರ್ಯ. ಕೊನೆಯದಾಗಿ ಹೇಳಿದರು ಎಂದರೆ ಇವನಿಗೆ ಕೇಳಿಸಿತೇ? ಆ ಗಾಳಿಯಲ್ಲಿ? ಅಷ್ಟು ಉದ್ದದ ಮಾತು? ತನ್ನ ಭುಜಕ್ಕೆ ಗಡ್ಡ ಒತ್ತಿದವನು ಅಷ್ಟು ಹೊತ್ತು ಕಿರುಚಿದ್ದು ಏನಿರಬಹುದು? ಒಂದು ಪಕ್ಷ ಅದೇ ಇರಬಹುದೇ? ಅಥವಾ ಕಾಲು ತೆಗಿ ಎಂದಿರಬಹುದು. ಅವ್ವಾ ಎಂದಿರಬಹುದು. ಪೀಪಾಯಿಯವನು ಸುಳ್ಳನೇ ಆಗಬೇಕಿಲ್ಲ, ಸಮುದ್ರ ದೊಡ್ಡದು, ಇನ್ನೊಂದು ಕಡೆ ಗಾಳಿ ಕಡಿಮೆಯಿದ್ದೀತು ಎಂದೂ ಅನಿಸಿತು. ಹೀಗೆ ಎಲ್ಲದಕ್ಕೂ ಇನ್ನೊಂದು ಪಕ್ಕ ಕಾಣುವ ತನ್ನ ಬುದ್ಧಿ ಈಗ, ಈ ಹೊತ್ತಿನಲ್ಲಿ, ಎಷ್ಟು ಅನುಕೂಲಕ್ಕೆ ಬರುತ್ತಿದೆ ಎಂಬುದನ್ನೂ ಅವನು ಕಂಡುಕೊಂಡ.

ಅವನು ಬಾಯಿ ತೆರೆದ. ಕೂಗಿದರೆ ಹಿಂದಿನ ನಾಲ್ಕು ಸಾಲಿಗಾದರೂ ಕೇಳಿಸುತ್ತಿತ್ತು. ನಾಲ್ಕು ಸಾಲು ತಿರುಗಿದರೆ ನಲವತ್ತು ಸಾಲು ತಿರುಗುತ್ತವೆ. ಗಡಿ ದಾಟಬೇಕಾಗಿಯೂ ಇಲ್ಲ. ದನಿಗೆ ಮೈಲಿಗೆ ಇದೆ ಎಂದು ಯಾರೂ ಹೇಳಿಲ್ಲ. ಅಣ್ಣಾ ಎಂದು ಕೂಗಿದರೂ ಸಾಕಿತ್ತು. ಅವನು ಬೋಳುತಲೆಗಳಲ್ಲಿ ಹಿಂಭಾಗ ಚಪ್ಪಟೆಯಾದದ್ದನ್ನು ಹುಡುಕಿದ. ಇಷ್ಟು ದೂರಕ್ಕೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಅಷ್ಟರಲ್ಲಿ ಹಿಂದಿನ ಸಾಲಿನ ಒಬ್ಬ ಮುದುಕ ಗಂಟಲು ಸರಿಮಾಡಿಕೊಳ್ಳಲು ಹಿಂದಕ್ಕೆ ತಿರುಗಿ ಉಗಿದ, ಇವನನ್ನು ನೋಡಿದ. ಅವನಿಗೆ ಇವನ ಗುರುತಿರಲಿಲ್ಲ. "ಯಾಕಪ್ಪಾ ಅಲ್ಲೇ ನಿಂತೆ? ಬಾ, ಜಾಗ ಇದೆ" ಎಂದು ಪಕ್ಕಕ್ಕೆ ಸರಿದು ಕಲ್ಲು ತಟ್ಟಿದ.

ಯಾರೋ ತನಗೆ ಜಾಗ ಮಾಡಿಕೊಟ್ಟು ಎಷ್ಟು ಕಾಲವಾಗಿತ್ತು. ಫನಿಯಾಸನ ಕಣ್ಣು ತುಂಬಿತು. ಬಿಸಿಲಿಗೆ ಕಾದ ಆ ಕಲ್ಲಿನ ಮೇಲೆ, ಆ ಮುದುಕನ ಪಕ್ಕ, ಎಲ್ಲರ ನಡುವೆ ಒಬ್ಬನಾಗಿ ಕೂರುವುದು, ಬೇರೇನೂ ಬೇಡ. ಅದಕ್ಕಾಗಿಯೇ ಅಲ್ಲವೇ ಬದುಕಿ ಬಂದದ್ದು. ಈಗ ಬಾಯಿಬಿಟ್ಟರೆ ಆ ಜಾಗ ಎಂದೆಂದಿಗೂ ಇಲ್ಲ. "ಇಲ್ಲಜ್ಜ, ನಾನು ಮೈಲಿಗೆ" ಎಂದ. ಅದು ನಿಜವೂ ಆಗಿತ್ತು. ಎಂಥ ಸಮಯಕ್ಕೆ ಒದಗಿದ ನಿಜ! ಮುದುಕ ಪಾಪ ಎನ್ನುವ ಹಾಗೆ ತಲೆಯಾಡಿಸಿ ಮುಂದಕ್ಕೆ ತಿರುಗಿದ. ಫನಿಯಾಸ್ ತೆರೆದ ಬಾಯಿ ಮುಚ್ಚಿಕೊಂಡು ಗುಡ್ಡ ಇಳಿದ. ಇಳಿಯುವಾಗ ಹಿಂದಿನಿಂದ ಸಾರುವವನ ದನಿ ಕೇಳಿಸಿತು: ಒಂದೊಂದು ಪಂಗಡಕ್ಕೂ ಎರಡೆರಡು ಕೊಡ, ತಪ್ಪಿತಸ್ಥರು ಎನ್ನುವವರು ಹರಳನ್ನು ಮೊದಲ ಕೊಡಕ್ಕೆ ಹಾಕಿ, ಅಲ್ಲ ಎನ್ನುವವರು ಎರಡನೆಯದಕ್ಕೆ. ಅವನು ಹೆಜ್ಜೆ ಬೇಗ ಬೇಗ ಹಾಕಿದ. ಕೇಳಿಸದಷ್ಟು ದೂರ ಹೋದರೆ ಕೇಳಿಯೇ ಇಲ್ಲವೆಂದು ಆಗುತ್ತದೇನೋ ಎಂಬ ಹಾಗೆ.

ಸಂಜೆ ಸಿಮಿಲೊಸ್ ಬಂದ. ಸಭೆಯಲ್ಲಿ ಕೂಗಿ ಕೂಗಿ ದನಿ ಒಡೆದಿತ್ತು. ಬಾವಿಯಿಂದ ನೀರು ಸೇದಿ ಕುಡಿದು, ಕೊಟ್ಟಿಗೆಯ ಕಡೆ ನಡೆದುಬಂದು, ಎಂದಿಗಿಂತ ಸ್ವಲ್ಪ ಹತ್ತಿರವೇ ನಿಂತ.

"ಆರೂ ಜನ ದಂಡನಾಯಕರಿಗೆ ವಿಷ ಕುಡಿಯೋ ಶಿಕ್ಷೆ" ಎಂದ. "ನಿನಗೆ ನ್ಯಾಯ ಸಿಕ್ತು ಕಣೋ."

ಹಾಗೆಂದು ಅವನು ಅತ್ತ. ಯಾರಿಗಾಗಿ ಅಳುತ್ತಿದ್ದಾನೆಂದು ಅವನಿಗೇ ಗೊತ್ತಿದ್ದಂತಿರಲಿಲ್ಲ. ಎದುರಿಗೆ ನಿಂತ ತಮ್ಮನನ್ನು ನೋಡುತ್ತಲೇ, ಅವನ ಮೂಲಕ ಇನ್ನೊಬ್ಬನನ್ನು ನೋಡುತ್ತಾ ಅತ್ತ. ಫನಿಯಾಸನೂ ಅಳಬೇಕೆಂದುಕೊಂಡ. ಬರಲಿಲ್ಲ. ಅವ್ವ ಒಳಗಿನಿಂದ ಕೇಳಿಸಿಕೊಂಡಿರಬೇಕು, ಪಾತ್ರೆಯ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು.

ಸಿಮಿಲೊಸ್ ಮಾತಿಗೆ ತಪ್ಪುವವನಲ್ಲ. ಮರುದಿನವೇ ಸೂಲಗಿತ್ತಿ ದೋರ್ಕಸ್ ಬಂದಳು, ಜೊತೆಗೆ ಕೇರಿಯ ಇಬ್ಬರು ಹೆಂಗಸರು. ಅಂಗಳಕ್ಕೆ ಅಡ್ಡಲಾಗಿ ಕಂಬಳಿ ಕಟ್ಟಿ, ಅವನ ಬಟ್ಟೆ ಬಿಚ್ಚಿಸಿ, ಮಂಡಿ ಎದೆಗೆ ಒತ್ತಿಕೊಂಡು ತೊಟ್ಟಿಯಲ್ಲಿ ಕೂರಲು ಹೇಳಿದರು. ದೋರ್ಕಸ್ ಊರಿಗೆ ಹೆಸರಾದ ಬಾಯಿಬಡುಕಿ. "ಅಯ್ಯೋ ನನ್ ಕಂದಾ, ಇಷ್ಟು ದೊಡ್ಡ ಗಂಡು ಹೆರೋಕೆ ನಿಮ್ಮವ್ವ ಏನು ತಿಂದಿದ್ಲೋ! ಕತ್ತು ಎತ್ತು. ಕಂಕುಳು ತೋರ್ಸು. ನಾಚ್ಕೋಬೇಡ, ಹುಟ್ಟೋ ಮಕ್ಕಳು ಯಾವುದೂ ನಾಚ್ಕೊಳಲ್ಲ" ಎನ್ನುತ್ತಾ ಅವಳು ಉಜ್ಜಿದಳು, ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ಕೈಯ ಕಪ್ಪು ಮಾತ್ರ ಹೋಗಲಿಲ್ಲ. "ಇದು ಹುಟ್ಟುಮಚ್ಚೆ ಅನ್ಕೊಳ್ಳಣ ಬಿಡಿ" ಎಂದಳು ದೋರ್ಕಸ್. ಉದ್ದನೆಯ ಬಟ್ಟೆಯಿಂದ ಅವನ ಕೈಗಳನ್ನು ಮೈಗೆ ಸೇರಿಸಿ ಹಿಮ್ಮಡಿತನಕ ಬಿಗಿಯಾಗಿ ಸುತ್ತಿದರು, ನೆಲದ ಮೇಲೆ ಮಲಗಿಸಿದರು. ಕೈಕಾಲು ಆಡದೆ ಅಂಗಾತ ಮಲಗಿ ಆಕಾಶ ನೋಡುವಾಗ ಅವನಿಗೆ ಒಂದು ಬಗೆಯ ಸುಖವಾಯಿತು. ಇನ್ನು ತಾನು ಮಾಡಬೇಕಾದ್ದು ಏನೂ ಇಲ್ಲ, ಮಾಡಬೇಕಿತ್ತು ಎನ್ನುವುದೂ ಇಲ್ಲ. ನಿನ್ನೆ ಸಭೆ ನಡೆದಾಗ ತಾನಿನ್ನೂ ಹುಟ್ಟಿರಲಿಲ್ಲ.

"ಈಗ ಅಳ್ಬೇಕು" ಎಂದಳು ದೋರ್ಕಸ್. "ಅಳ್ದಿದ್ರೆ ಬದುಕಿದೆ ಅಂತ ಹೆಂಗ್ ಹೇಳೋದು? ಅಳು ಕಂದ."

ಅವನು ಅಳುವ ಸದ್ದು ಮಾಡಿದ. ಸುಳ್ಳೆಂದು ಎಲ್ಲರಿಗೂ ಗೊತ್ತಾಗುವಂತಿತ್ತು. ದೋರ್ಕಸ್ ಸಾಕು ಸಾಕು, ಜಾಣ, ಎಂದಳು. ಅವ್ವನನ್ನು ಕರೆದು ಕೂರಿಸಿ ಅವನ ತಲೆಯನ್ನು ಅವಳ ತೊಡೆಯ ಮೇಲಿಟ್ಟರು. ಅವ್ವ ಹೆಗಲ ಗುಂಡಿ ಬಿಚ್ಚಿ, ಒಣಗಿ ಇಳಿಬಿದ್ದ ಮೊಲೆಯನ್ನು ಅವನ ತುಟಿಗೆ ತಾಗಿಸಿದಳು. ಮನೆ ಬಿಟ್ಟು ಹಡಗು ಹತ್ತಿದಮೇಲೆ ಅವಳು ಅವನನ್ನು ಮುಟ್ಟಿದ್ದು ಇದೇ ಮೊದಲು. ಅವನು ಅವಳ ಮುಖ ನೋಡಲು ಕಣ್ಣೆತ್ತಿದ. ಅವಳು ಬಾಗಿಲಿನಾಚೆ ಬೀದಿಯ ಕಡೆ ನೋಡುತ್ತಿದ್ದಳು, ಯಾರೋ ಬರುವುದಿದೆ ಎಂಬ ಹಾಗೆ.

ಹೆಸರಿಡುವ ದಿನ ಬರುವುದರೊಳಗೆ ಊರಿನ ಗಾಳಿ ತಿರುಗಿತ್ತು. ಬೀದಿಯಲ್ಲಿ ಕರಿಯ ಹೊದಿಕೆ ಹೊದ್ದವರು ಕಾಣುತ್ತಿರಲಿಲ್ಲ. ಕೆಲವರು ಅದನ್ನೇ ತಂದು, ಇದರ ಬಣ್ಣ ತೆಗೆಯಲಾಗುತ್ತದೆಯೇ ಎಂದು ಕೇಳಿ, ಆಗುವುದಿಲ್ಲ ಎಂದಾಗ ಮುಖ ಸಿಂಡರಿಸಿಕೊಂಡು ಹೋಗಿದ್ದರು. ಫನಿಯಾಸ್ ಈಗ ಮನೆಯೊಳಗೆ, ಒಲೆಯ ಪಕ್ಕ, ಮಲಗುತ್ತಿದ್ದ. ಕ್ಷೌರದವನು ಒಮ್ಮೆ ಎದುರಾಗಿ, ನಕ್ಕು, "ಏನ್ಲಾ ಉಚ್ಚೆಬಾನಿ, ಹಲ್ಲು ಬಂತಾ?" ಎಂದಿದ್ದ. ಹಂಬಲಿಸಿದ ಮಾತು ಸಿಕ್ಕಿತ್ತು. ಇದರಲ್ಲಿ ಅಂಥದ್ದೇನಿತ್ತು ಎಂದು ಅವನು ದಾರಿಯುದ್ದಕ್ಕೂ ಯೋಚಿಸಿದ.

ಹೆಸರಿಡುವ ದಿನ ಕುಲದ ನಾಲ್ಕು ಜನ ಬಂದರು. ಕುರಿಯ ಮಾಂಸ ಬೆಂದಿತ್ತು, ದ್ರಾಕ್ಷಾರಸಕ್ಕೆ ನೀರು ಬೆರೆಸಿಟ್ಟಿದ್ದರು. ಫನಿಯಾಸ್ ಒಲೆಯ ಮುಂದೆ ಕೂತಿದ್ದ. ಬಂದವರಲ್ಲಿ ಹಿರಿಯ, ಹಬ್ಬದಲ್ಲಿ ಸಿಮಿಲೊಸನ ಹೆಗಲ ಮೇಲೆ ಮೊದಲು ಕೈಯಿಟ್ಟವನೇ, ಬಟ್ಟಲು ಹಿಡಿದು ನಿಟ್ಟುಸಿರುಬಿಟ್ಟ.

"ಏನೋ ಆಗೋಯ್ತು. ನಮ್ಮನ್ನ ಹುಚ್ಚೆಬ್ಬಿಸಿಬಿಟ್ರು. ಆ ಹಿಟ್ಟಿನ ಪೀಪಾಯಿಯವನು ಎಲ್ಲಿ ಹೋದ್ನೋ, ಪತ್ತೆ ಇಲ್ಲ. ಗೆದ್ದು ಬಂದೋರನ್ನ ನಮ್ಮ ಕೈಯಾರೆ ಕೊಂದ್ವಲ್ಲ."

"ನಮಗೇನು ಗೊತ್ತಿತ್ತು ಮಾವ?" ಎಂದ ಸಿಮಿಲೊಸ್. ಅವನ ತಲೆಯ ಮೇಲೆ ಕೂದಲು ಮತ್ತೆ ಮೂಡಿತ್ತು.

"ಅದೇ ಹೇಳೋದು. ಆ ನೀರಲ್ಲಿದ್ದವನು ಒಬ್ಬ, ಒಬ್ಬನೇ ಒಬ್ಬ, ಬಂದು ಹಿಂಗಿಂಗಾಯ್ತು ಅಂದಿದ್ರೆ ನಾನೇ ಎರಡನೇ ಕೊಡಕ್ಕೆ ಹಾಕ್ತಿದ್ದೆ."

ಯಾರೂ ಫನಿಯಾಸನ ಕಡೆ ನೋಡಲಿಲ್ಲ. ಎಳ್ಳಷ್ಟೂ ಕುಹಕವಿರಲಿಲ್ಲ ಅದರಲ್ಲಿ. ಅವನು ಹುಟ್ಟಿ ಇನ್ನೂ ಎಷ್ಟು ದಿನವಾಗಿತ್ತು ಎಂದು ಅವನನ್ನು ಕೇಳುವುದು? ಸಿಮಿಲೊಸ್ ಗಡಬಡಿಸಿ ಎದ್ದು, ತಮ್ಮನ ಕೈಹಿಡಿದು ಒಲೆಯ ಸುತ್ತ ಕರೆದೊಯ್ದ. ಕೈ ಬೆವೆತಿತ್ತು, ಯಾರದ್ದೆಂದು ಹೇಳುವಂತಿರಲಿಲ್ಲ. ಸುತ್ತು ಮುಗಿಸಿ ನಿಂತು, ಗಂಟಲು ಸರಿಮಾಡಿಕೊಂಡು, "ಇವನು ನಮ್ಮ ಮನೆಯವನು. ಇವನ ಹೆಸರು ಫ" ಎಂದು ಶುರುಮಾಡಿದ.

"ಆ ಹೆಸರು ಬೇಡ."

ಅವ್ವ ಅಡುಗೆಯ ಬಾಗಿಲಲ್ಲಿ ನಿಂತಿದ್ದಳು. ಗಂಡಸರ ನಡುವೆ ಅವಳು ಹೀಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ದನಿ ಎತ್ತರಿಸಿರಲಿಲ್ಲ, ಉಪ್ಪು ಕೇಳುವ ಹಾಗೆ ಹೇಳಿದ್ದಳು.

"ಯಾಕವ್ವ?" ಎಂದ ಸಿಮಿಲೊಸ್.

"ಅದು ನನ್ನ ಮಗಂದು. ಅವನು ಸಮುದ್ರದಲ್ಲಿ ಹೋದ. ಬಂದಿದ್ರೆ ಹೇಳ್ತಿದ್ದ. ಹೇಳ್ದೆ ಸುಮ್ನೆ ಕೂರೋ ಹುಡುಗ ಅಲ್ಲ ಅವನು. ಇವನಿಗೆ ಬೇರೆ ಏನಾದ್ರೂ ಇಡು."

ಬಂದವರಿಗೆ ಅರ್ಥವಾಗಲಿಲ್ಲ. ಮುದುಕಿಗೆ ಮಗ ಹೋದ ದುಃಖ ಇನ್ನೂ ಆರಿಲ್ಲ ಎಂದುಕೊಂಡಿರಬೇಕು. ಹಿರಿಯನಂತೂ ಹೌದು ಹೌದು, ತಾಯಿಕರುಳು, ಎಂದು ತಲೆಯಾಡಿಸಿದ. ಸಿಮಿಲೊಸ್ ಅವ್ವನ ಮುಖ ನೋಡಲಾರದೆ ತಮ್ಮನ ಮುಖ ನೋಡಿದ, ಅದನ್ನೂ ನೋಡಲಾರದೆ ಒಲೆ ನೋಡಿದ. ಫನಿಯಾಸ್ ಅವ್ವನನ್ನೇ ನೋಡುತ್ತಿದ್ದ. ಅವಳ ಕಣ್ಣಲ್ಲಿ ಸಿಟ್ಟೇನಾದರೂ ಇದೆಯೇ ಎಂದು ಹುಡುಕಿದ. ಇದ್ದಿದ್ದರೆ ಕಾಲು ಹಿಡಿದುಕೊಳ್ಳಬಹುದಿತ್ತು. ಮನೆಗೆ ಬಂದ ಅಪರಿಚಿತನೊಬ್ಬನಿಗೆ ಹೊಟ್ಟೆ ತುಂಬಿತೇ ಎಂದು ನೋಡುವ ಹೆಂಗಸಿನ ಕಣ್ಣು ಅದು.

ಸಿಮಿಲೊಸ್ ತಡವರಿಸಿ, ಅವ್ವನ ತಮ್ಮನದ್ದೊಂದು ಹೆಸರಿತ್ತಲ್ಲ ಎಂದು ನೆನಪಿಸಿಕೊಂಡು, ಎವ್ಕ್ತೆಮೊನ್ ಎಂದ. ಆಗಲಿ, ಒಳ್ಳೆಯ ಹೆಸರು, ಎಂದರು ಬಂದವರು. ಬಟ್ಟಲು ಎತ್ತಿ ಎಲ್ಲರೂ ಒಟ್ಟಿಗೆ, ನಗುತ್ತಾ, ಎವ್ಕ್ತೆಮೊನ್ ಎಂದು ಕರೆದರು.

ಅವನು ಓಗೊಟ್ಟ.